ಎಂಜಿನಿಯರಿಂಗ್‌ನಲ್ಲಿ ಅಂಕ ಕಡಿಮೆ ಬಂದಿದೆ, ಕೆಲಸ ಸಿಗುವುದೇ?

ಪ್ರಶ್ನೆ: ಮೆಕ್ಯಾನಿಕಲ್ ವಿಭಾಗದಲ್ಲಿ ಬಿ.ಇ. ಮುಗಿಸಿದ್ದೇನೆ. ಸಿಜಿಪಿಎ (ಎಲ್ಲ ಸೆಮಿಸ್ಟರ್‌ಗಳ ಸರಾಸರಿ ಗ್ರೇಡ್) ಹತ್ತಕ್ಕೆ 5.8 ಇರುವುದರಿಂದ ಕ್ಯಾಂಪಸ್ ಸಂದರ್ಶನಗಳಿಗೆ ಕೂರಲು ಆಗಲಿಲ್ಲ. ಇಷ್ಟು ಅಂಕಕ್ಕೆ ಕೆಲಸ ಸಿಗುವುದೇ?

ಉತ್ತರ: ಸಿಗುತ್ತದೆ, ಆದರೆ ಸಹಪಾಠಿಗಳಿಗೆ ಸಿಕ್ಕ ದಾರಿಯಲ್ಲಿ, ಅದೇ ಹೊತ್ತಿಗೆ ಸಿಗಲಾರದು. ದೊಡ್ಡ ಐಟಿ ಸೇವಾ ಕಂಪನಿಗಳು ಎಸ್ಸೆಸ್ಸೆಲ್ಸಿ, ಪಿಯುಸಿ ಮತ್ತು ಪದವಿ ಮೂರರಲ್ಲೂ ಸಾಮಾನ್ಯವಾಗಿ ಶೇ 60 ಅಂಕ ಕೇಳುತ್ತವೆ. ರಾಶಿ ರಾಶಿ ಬರುವ ಅರ್ಜಿಗಳನ್ನು ಬೇಗನೆ ಸೋಸಲು ಅವು ಕಂಡುಕೊಂಡಿರುವ ಉಪಾಯವಿದು. ಈ ಸೋಸುವಿಕೆ ಹೆಚ್ಚಾಗಿ ಮೊದಲ ಕೆಲಸದ ಹೊತ್ತಿನಲ್ಲೇ ನಡೆಯುತ್ತದೆ. ಎರಡು-ಮೂರು ವರ್ಷ ದುಡಿದವರನ್ನು ಸಂದರ್ಶಿಸುವವರು ಸಿಜಿಪಿಎಗಿಂತ ಹೆಚ್ಚಾಗಿ ಅಲ್ಲಿ ಮಾಡಿದ ಕೆಲಸವನ್ನೇ ಕೇಳುತ್ತಾರೆ. ಆದ್ದರಿಂದ ಆ ಮೊದಲ ಎರಡು ವರ್ಷದ ಅನುಭವವನ್ನು ಎಲ್ಲಿ ಗಳಿಸಬೇಕೆಂಬುದೇ ನಿಮ್ಮ ಮುಂದಿರುವ ನಿಜವಾದ ಸಮಸ್ಯೆ.

ಯಾವುದಾದರೂ ವಿಷಯ ಪಾಸಾಗದೆ ಬ್ಯಾಕ್ ಉಳಿದಿದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿ. ಕಡಿಮೆ ಅಂಕದ ಪದವಿಗೆ ದಾರಿಗಳಿವೆ, ಮುಗಿಯದ ಪದವಿಗೆ ಬಹಳ ಕಡಿಮೆ.

ಅಂಕದ ಮಿತಿಯಿಲ್ಲದ ಪರೀಕ್ಷೆಗಳನ್ನು ನಮ್ಮ ವಿದ್ಯಾರ್ಥಿಗಳು ಗಂಭೀರವಾಗಿ ಪರಿಗಣಿಸುವುದಿಲ್ಲವೆಂಬುದು ನನ್ನ ಬೇಸರ. ಯುಪಿಎಸ್‌ಸಿ ನಡೆಸುವ ಎಂಜಿನಿಯರಿಂಗ್ ಸೇವಾ ಪರೀಕ್ಷೆಗೂ, ಸಿಬ್ಬಂದಿ ನೇಮಕಾತಿ ಆಯೋಗದ ಜೂನಿಯರ್ ಎಂಜಿನಿಯರ್ ಪರೀಕ್ಷೆಗೂ ಪದವಿಯಿದ್ದರೆ ಸಾಕು, ಇಷ್ಟೇ ಶೇಕಡಾ ಅಂಕವಿರಬೇಕೆಂಬ ನಿಯಮವಿಲ್ಲ. ಎಂ.ಟೆಕ್ ಪ್ರವೇಶಕ್ಕೆ ನಡೆಯುವ ಗೇಟ್ ಪರೀಕ್ಷೆ ಬರೆಯುವುದಕ್ಕೂ ಕನಿಷ್ಠ ಅಂಕ ಬೇಕಿಲ್ಲ, ಅದರ ಸ್ಕೋರ್ ಮೂರು ವರ್ಷ ಊರ್ಜಿತವಾಗಿರುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಗೇಟ್ ಮೂಲಕ ನೇಮಿಸಿಕೊಳ್ಳುವ ಹಲವು ಸಾರ್ವಜನಿಕ ಉದ್ದಿಮೆಗಳು ಪದವಿಯಲ್ಲೂ ಶೇ 60 ಅಥವಾ 65 ಅಂಕ ಬಯಸುತ್ತವೆ. ಹೀಗಾಗಿ ಓದಲು ಕೂರುವ ಮುನ್ನವೇ ಅವುಗಳ ಹಿಂದಿನ ಅಧಿಸೂಚನೆಗಳನ್ನು ಪೂರ್ತಿ ಓದಿಕೊಳ್ಳಿ.

ಮೆಕ್ಯಾನಿಕಲ್ ಪದವೀಧರರಿಗೆ ಇನ್ನೊಂದು ದಾರಿ ಕಾರ್ಖಾನೆಗಳದು. ಪೀಣ್ಯ, ಬೊಮ್ಮಸಂದ್ರಗಳ ಸಣ್ಣ ಘಟಕಗಳಲ್ಲಾಗಲಿ, ಲೋಹ ಎರಕ ಹೊಯ್ಯುವ ಬೆಳಗಾವಿಯ ಫೌಂಡ್ರಿಗಳಲ್ಲಾಗಲಿ ಡ್ರಾಯಿಂಗ್ ಓದಲು, ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಬರೆಯಲು, ತಯಾರಾದ ಬಿಡಿಭಾಗದ ಅಳತೆ ಪರೀಕ್ಷಿಸಲು ಬರುವವರಿಗೆ ಬೆಲೆಯಿದೆ. ಕಾಲೇಜಿನಲ್ಲಿ ಇದು ಕೈಗೆ ಬಂದಿಲ್ಲದಿದ್ದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ, ಅಂದರೆ ಜಿಟಿಟಿಸಿಯಲ್ಲಿ, ಅಲ್ಪಾವಧಿ ಕೋರ್ಸ್‌ಗಳಿವೆ. ಆರಂಭದ ಸಂಬಳ ಐಟಿ ಸೇರಿದ ಗೆಳೆಯರ ಸಂಬಳಕ್ಕಿಂತ ಕಡಿಮೆಯಿರಬಹುದು, ಅದು ಮನಸ್ಸಿಗೆ ನೋವುಂಟುಮಾಡುವುದೂ ಸಹಜವೇ. ಆದರೂ ಮನೆಯಲ್ಲಿ ಕುಳಿತು ವರ್ಷ ಕಳೆಯುವುದಕ್ಕಿಂತ ಈ ದಾರಿ ಎಷ್ಟೋ ಮೇಲೆಂದು ನಾನು ಖಚಿತವಾಗಿ ಹೇಳಬಲ್ಲೆ. ಕೇಂದ್ರ ಸರ್ಕಾರದ ನ್ಯಾಟ್ಸ್ (ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ) ಯೋಜನೆಯಡಿ ಸ್ಟೈಪೆಂಡ್ ಪಡೆಯುತ್ತ ಒಂದು ವರ್ಷ ಪದವೀಧರ ಅಪ್ರೆಂಟಿಸ್ ಆಗಲೂಬಹುದು. ದೊಡ್ಡ ಸಾರ್ವಜನಿಕ ಉದ್ದಿಮೆಗಳು ಅಪ್ರೆಂಟಿಸ್‌ಗಳನ್ನೂ ಅನೇಕ ವೇಳೆ ಅಂಕದ ಮೇಲೆಯೇ ಆರಿಸುವುದರಿಂದ ಖಾಸಗಿ ಕಂಪನಿಗಳಿಗೂ ಅರ್ಜಿ ಹಾಕಿರಿ.

ಕೊನೆಯದಾಗಿ, ಬ್ಯಾಕ್‌ಡೋರ್ ಕೆಲಸ ಕೊಡಿಸುತ್ತೇವೆಂದು ಬೆಂಗಳೂರಿನಲ್ಲಿ ಕೆಲವು ಕನ್ಸಲ್ಟೆನ್ಸಿಗಳು ಲಕ್ಷಗಟ್ಟಲೆ ಹಣ ಕೇಳುತ್ತವೆ, ಸುಳ್ಳು ಅನುಭವ ಪತ್ರವನ್ನೂ ಮಾಡಿಕೊಡುತ್ತವೆ. ಕೆಲಸಕ್ಕೆ ಸೇರಿದ ಬಳಿಕ ಕಂಪನಿಗಳು ಹಿನ್ನೆಲೆ ಪರಿಶೀಲನೆ ನಡೆಸುವಾಗ ಭವಿಷ್ಯ ನಿಧಿಯ ದಾಖಲೆಗಳನ್ನು ನೋಡುತ್ತವೆ, ಹಳೆಯ ಕಂಪನಿಯನ್ನೂ ವಿಚಾರಿಸುತ್ತವೆ. ಸುಳ್ಳು ಹೊರಬಿದ್ದರೆ ಕೆಲಸ ಹೋಗುತ್ತದೆ, ಕೊಟ್ಟ ಹಣವೂ ಮರಳುವುದಿಲ್ಲ. ಅರ್ಜಿಯಲ್ಲಿ 5.8 ಎಂದೇ ಬರೆಯಿರಿ. ಅದರ ಕೆಳಗೆ ನೀವು ಮಾಡಿದ ಪ್ರಾಜೆಕ್ಟ್, ಕಲಿತ ಯಂತ್ರ, ಬಳಸಬಲ್ಲ ಸಾಫ್ಟ್‌ವೇರ್‌ಗಳ ವಿವರವನ್ನು ಸಂದರ್ಶನದಲ್ಲಿ ಉತ್ತರಿಸಬಲ್ಲಷ್ಟು ಮಾತ್ರ ಕೊಡಿ.