ಹಳೆಯ ಮನೆಯ ಪಹಣಿಯಲ್ಲಿ ಬದಲಾದ ಹೆಸರುಗಳು

ಸಿದ್ದಾಪುರ, ಶಿರಸಿಯ ಕಡೆ ಹಳೆಯ ಚೌಕಿಮನೆಯೊಂದು ಮಾರಾಟಕ್ಕಿದೆ ಎಂದು ತಿಳಿದರೆ, ಬಲ್ಲವರು ಬೆಲೆಗಿಂತ ಮೊದಲು ಕೇಳುವುದು ‘ಸಹಿ ಹಾಕುವವರು ಎಷ್ಟು ಜನ’ ಎಂದು. ಆ ಪ್ರಶ್ನೆಯ ಹಿಂದೆ ತೊಂಬತ್ತು ವರ್ಷಗಳ ಕಥೆಯಿದೆ.

ಆಗ ಉತ್ತರ ಕನ್ನಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಬೆನ್ನಿಗೇ ಅಂಕೋಲೆ, ಸಿದ್ದಾಪುರದ ರೈತರು ಭೂಕಂದಾಯ ಕೊಡುವುದಿಲ್ಲವೆಂದು ಗಟ್ಟಿಯಾಗಿ ನಿಂತರು. ಸರ್ಕಾರ ಜಪ್ತಿಗಿಳಿಯಿತು. ಮನೆಯ ಸಾಮಾನು ಹೋಯಿತು, ಭೂಮಿಯೂ ಹರಾಜಾಯಿತು. ಕೊಂಡವರ ಹೆಸರು ದಾಖಲೆ ಸೇರಿತು. ಮಾವಿನಗುಂಡಿಯಲ್ಲಿ ಹೆಂಗಸರು ಹರಾಜಿನ ಸೊತ್ತು ಕೊಂಡವರ ಮನೆಯೆದುರು ಉಪವಾಸ ಕುಳಿತರು. ಅವರ ಸ್ಮಾರಕ ಅಲ್ಲಿದೆ. ಜೋಗಕ್ಕೆ ಹೋಗುವವರು ವಾಹನ ನಿಲ್ಲಿಸಿ ನೋಡಲೇಬೇಕು. ದಾಖಲೆಯಲ್ಲಿ ಯಾರದೋ ಆಗಿದ್ದ ಭೂಮಿಯನ್ನು ಊರು ಮಾತ್ರ ಹಳಬರದ್ದೆಂದೇ ಕರೆಯಿತು. 1937ರಲ್ಲಿ ಪ್ರಾಂತ್ಯದಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಬಂದ ಮೇಲೆ, ಜಪ್ತಿಯಾದ ಭೂಮಿ ಮೂಲ ಒಡೆಯರಿಗೆ ಮರಳಿತು.

ಆದರೆ ಆ ಒಡೆಯರ ಗದ್ದೆಯನ್ನು ಉಳುತ್ತಿದ್ದವರ ಹೆಸರು ಆಗಲೂ ಒಡೆತನದ ಕಾಲಂಗೆ ಬರಲಿಲ್ಲ. ಚಾಲಗೇಣಿಯವರನ್ನು, ಅಂದರೆ ಕಾಯಂ ಹಕ್ಕಿಲ್ಲದ ಗೇಣಿದಾರರನ್ನು, ಒಡೆಯರು ಬೇಕೆಂದಾಗ ಬಿಡಿಸಬಹುದಿತ್ತು. ಕವಿ, ರೈತ ಮುಖಂಡ ದಿನಕರ ದೇಸಾಯಿಯವರು ಗೇಣಿದಾರರನ್ನು ಸಂಘಟಿಸಿದ್ದಕ್ಕೆ ಗಡೀಪಾರಾದರು. ಕೊನೆಗೆ ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಕಾಲದಲ್ಲಿ ಆದ ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ಒಡೆತನ ಕೋರುವ ಅರ್ಜಿಯಾದ ನಮೂನೆ 7 ತುಂಬಿ, ಭೂ ನ್ಯಾಯಮಂಡಳಿಯೆದುರು ನಿಂತು ಒಡೆತನ ಪಡೆದರು. ದೊಡ್ಡ ಮನೆಗಳಲ್ಲಿ ಈ ಅರ್ಜಿಯ ಬಗ್ಗೆ ಆಡುವ ‘ಡಿಕ್ಲರೇಶನ್ ಕೊಟ್ಟರು’ ಎಂಬ ಮಾತಿನಲ್ಲಿ ಇಂದಿಗೂ ನೋವಿದೆ. ಕಂದಾಯ ನಿರಾಕರಿಸಿ ಭೂಮಿ ಕಳೆದುಕೊಂಡಿದ್ದ ಮನೆತನಗಳಿಗೆ ಅದು ಎರಡನೆಯ ಪೆಟ್ಟು. ಆ ನೋವು ನನಗೆ ಅರ್ಥವಾಗುತ್ತದೆ. ಆದರೂ ತಲೆಮಾರುಗಟ್ಟಲೆ ಕೆಸರು ತುಳಿದವರ ಹೆಸರು ಪಹಣಿಗೆ ಬಂದದ್ದೇ ಈ ಕಥೆಯಲ್ಲಿನ ಅತಿ ನ್ಯಾಯವಾದ ಬದಲಾವಣೆ ಎಂದು ನಾನು ನಂಬುತ್ತೇನೆ.

ಗದ್ದೆ ಹೋದ ಮೇಲೆ ಉಳಿದದ್ದು ಮನೆ ಮತ್ತು ಸ್ವಂತ ಸಾಗುವಳಿಯ ತೋಟ. ಅದೂ ಅಣ್ಣ ತಮ್ಮಂದಿರ ಪಾಲಾಯಿತು: ಜಗಲಿಯ ನಡುವೆ ಗೋಡೆ ಎದ್ದಿತು, ಅಡಿಗೆಮನೆ ಎರಡಾಯಿತು. ಹೆಣ್ಣುಮಕ್ಕಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೋಗುವುದೇ ರೂಢಿಯಾಗಿತ್ತು. ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನು ತಿದ್ದಿ ಅವರಿಗೂ ಸಮಪಾಲು ಕೊಟ್ಟವು. ಸಹಿಗಳ ಪಟ್ಟಿ ಉದ್ದವಾದದ್ದು ಹೀಗೆ.

ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಕೊಳ್ಳಲು ಬಂದವರು ಕೆತ್ತನೆಯ ಮುಂಡಿಗೆ ಕಂಬಗಳನ್ನು ಮುಟ್ಟಿ ನೋಡುತ್ತಾರೆ, ತೋಟ ಸುತ್ತುತ್ತಾರೆ, ಮೇಲಿನ ಸೊಪ್ಪಿನ ಬೆಟ್ಟವೂ ಸೇರಿತೇ ಎಂದು ಕೇಳುತ್ತಾರೆ. ಬೆಟ್ಟ ಸರ್ಕಾರದ ಅರಣ್ಯ. ತೋಟದವರಿಗೆ ಅಲ್ಲಿ ಇರುವುದು ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು. ಎಷ್ಟು ಒಡೆಯರು ಬದಲಾದರೂ ಅದು ಯಾರ ಸ್ವಂತವೂ ಆಗಲಿಲ್ಲ.