ಕಲೆ ಒಂದು ಕಡೆ, ಸೋರಿಕೆ ಇನ್ನೊಂದು ಕಡೆ

ಮಳೆ ಜೋರಾಯಿತು ಅಂದರೆ ನನ್ನ ಫೋನಿಗೆ ಗೋಡೆಗಳ ಫೋಟೋ ಬರಲು ಶುರುವಾಗುತ್ತದೆ. ಉಬ್ಬಿದ ಬಣ್ಣ, ಕಂದು ಅಂಚಿನ ಕಲೆ, ಉದುರುತ್ತಿರುವ ಪುಟ್ಟಿ. ಕೆಳಗೆ ಒಂದೇ ಪ್ರಶ್ನೆ: "ಸಾರ್, ಇದಕ್ಕೆ ಯಾವ ಪೇಂಟ್ ಹೊಡೆಸಲಿ?" ಸದ್ಯಕ್ಕೆ ಯಾವುದೂ ಬೇಡ ಅಂದರೆ ಬೇಜಾರು. ಅಂಗಡಿಯವರು ಆಗಲೇ ಒಂದು ಡಬ್ಬ ತೋರಿಸಿ ಗ್ಯಾರಂಟಿ ಕೊಟ್ಟಿರುತ್ತಾರೆ, ಈ ಆರ್ಕಿಟೆಕ್ಟ್ ಮಾತ್ರ ಸುಮ್ನೆ ಎಳೆದಾಡುತ್ತಿದ್ದಾನೆ ಅನ್ನಿಸುತ್ತದೆ.

ಮನೆ ಕಟ್ಟುವವರಿಗೂ ರಿಪೇರಿ ಮಾಡಿಸುವವರಿಗೂ ಹೇಳಬೇಕಾದ್ದು ಬೇಕಾದಷ್ಟಿದೆ. ಕರಾರು ಬರೆದಿಡಿ, ನಕ್ಷೆ ಮುಗಿಯುವ ಮುಂಚೆ ಪಾಯ ತೋಡಬೇಡಿ, ಇತ್ಯಾದಿ. ಅದೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿದ್ದೂ ಯಾರೂ ನಂಬದ ಸಂಗತಿ ಒಂದಿದೆ. ಕಲೆ ಕಾಣಿಸುವ ಜಾಗ ಬೇರೆ, ನೀರು ಒಳಗೆ ಬರುವ ಜಾಗ ಬೇರೆ.

ತಾರಸಿಯ ಒಂದು ಮೂಲೆಯಲ್ಲಿ ಸಣ್ಣ ಬಿರುಕು ಇದೆ ಅಂದುಕೊಳ್ಳಿ. ಅಲ್ಲಿ ಇಳಿದ ನೀರು ನೇರವಾಗಿ ಕೆಳಗೆ ಬೀಳುವುದಿಲ್ಲ. ಮೇಲಿನ ಗಾರೆಯ ಪದರಕ್ಕೂ ಸ್ಲ್ಯಾಬಿಗೂ ನಡುವೆ ಹರಿಯುತ್ತದೆ, ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ, ಕಾಂಕ್ರೀಟ್ ಎಲ್ಲಿ ಸರಿಯಾಗಿ ತುಂಬಿಲ್ಲವೋ ಅಲ್ಲಿ ದಾರಿ ಮಾಡಿಕೊಂಡು ಇಳಿಯುತ್ತದೆ. ಸ್ಲ್ಯಾಬಿನೊಳಗೆ ವೈರ್ ಹೋಗಲು ಹಾಕಿರುವ ಪೈಪ್ ಸಿಕ್ಕಿಬಿಟ್ಟರಂತೂ ಮುಗಿಯಿತು. ಅದರೊಳಗೇ ಓಡಿ ಎರಡು ಕೋಣೆ ಆಚೆ ಫ್ಯಾನ್ ಬಾಕ್ಸಿನಲ್ಲಿ ತೊಟ್ಟಿಕ್ಕುತ್ತದೆ. ಹಾಗೇನಾದರೂ ಕಂಡರೆ ಮೊದಲು ಆ ಲೈನಿನ ವಿದ್ಯುತ್ ಬಂದ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಹೇಳಿ. ಸೋರಿಕೆಯ ವಿಚಾರ ಆಮೇಲೆ.

ಒಬ್ಬ ಮೇಡಂ ಮನೆಯಲ್ಲಿ ಹೀಗೇ ಆಗಿತ್ತು. ಮಲಗುವ ಕೋಣೆಯ ಚಾವಣಿಯಲ್ಲಿ ಕಲೆ. ಯಾರೋ ಹೇಳಿದರು ಅಂತ ಇಡೀ ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದ್ದರು. ಕಲೆ ಹೋಗಲಿಲ್ಲ. ಒಳಗಿನಿಂದ ಇನ್ನೊಂದು ಕೋಟ್ ಹೊಡೆಸಿದರು, ಸ್ವಲ್ಪ ದಿನದಲ್ಲಿ ಅದೂ ಸಿಪ್ಪೆ ಎದ್ದಿತು. ಮಳೆ ಇಲ್ಲದಾಗಲೂ ಕಲೆ ಹಸಿಯಾಗಿರುತ್ತದಾ ಅಂತ ಕೇಳಿದೆ. "ಯಾವಾಗಲೂ ಹಂಗೇ ಇರುತ್ತೆ ಸಾರ್" ಅಂದರು. ಹಾಗಿದ್ದರೆ ತಾರಸಿಯ ತಪ್ಪು ಹೇಗಾಗುತ್ತದೆ? ರಾತ್ರಿ ಮೇಲಿನ ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ, ಯಾರೂ ನಲ್ಲಿ ತೆರೆಯಬೇಡಿ ಅಂದೆ. ಬೆಳಿಗ್ಗೆ ಮಟ್ಟ ಇಳಿದಿತ್ತು. ಮಹಡಿಯ ಬಾತ್‌ರೂಮಿನ ಗೋಡೆಯೊಳಗೆ ಪೈಪಿನ ಒಂದು ಜಾಯಿಂಟ್ ಜಿನುಗುತ್ತಿತ್ತು. ಕಲೆಗೂ ಆ ಜಾಗಕ್ಕೂ ನಡುವೆ ಒಂದು ಇಡೀ ಪ್ಯಾಸೇಜ್ ಇತ್ತು.

ಈ ಪರೀಕ್ಷೆಯಲ್ಲೂ ಸ್ವಲ್ಪ ಹುಷಾರಾಗಿರಬೇಕು. ಕಮೋಡಿನ ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಜಿನುಗುತ್ತಿದ್ದರೂ ಮಟ್ಟ ಇಳಿಯುತ್ತದೆ. ಅದರ ವಾಲ್ವನ್ನೂ ಮುಚ್ಚಿ. ಇನ್ನು ತಾರಸಿ ಟ್ಯಾಂಕ್ ಇರುವ ಮನೆಯಲ್ಲಿ ಮೀಟರ್ ನೋಡಿ ಪ್ರಯೋಜನ ಇಲ್ಲ, ಅದು ಟ್ಯಾಂಕಿಗೆ ಬರುವ ನೀರನ್ನಷ್ಟೇ ಲೆಕ್ಕ ಹಾಕುತ್ತದೆ.

ಹಾಗಾಗಿ ನನಗೆ ಫೋಟೋಗಿಂತ ನಿಮ್ಮ ಉತ್ತರ ಮುಖ್ಯ. ಕಲೆ ಯಾವಾಗ ಹಸಿಯಾಗುತ್ತದೆ? ಮಳೆ ಬಂದ ಮೇಲೆ ಮಾತ್ರವಾದರೆ ತಾರಸಿ, ಹೊರಗೋಡೆ, ಕಿಟಕಿಯ ಸುತ್ತ ಹುಡುಕಬೇಕು. ದಿನಾ ಒಂದೇ ಥರ ಇದ್ದರೆ ಒತ್ತಡದಲ್ಲಿರುವ ನೀರಿನ ಪೈಪಿನ ಮೇಲೆ ಅನುಮಾನ. ಸ್ನಾನ ಆದ ಮೇಲೆ ಜಾಸ್ತಿಯಾದರೆ ಬಾತ್‌ರೂಮಿನ ನೆಲ ಅಥವಾ ನೀರು ಹೊರಹೋಗುವ ಪೈಪು. ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಮಾತ್ರ ತೇವ ಇದ್ದು ಬಿಳಿ ಪುಡಿ ಏಳುತ್ತಿದ್ದರೆ ನೆಲದ ತೇವ ಗೋಡೆಯೊಳಗೆ ಏರುತ್ತಿರಬಹುದು. ಚಳಿಯಲ್ಲಿ, ಬೀರುವಿನ ಹಿಂದೆ, ಗಾಳಿ ಆಡದ ಮೂಲೆಯಲ್ಲಿ ಕಪ್ಪು ಬೂಷ್ಟು ಬಂದಿದ್ದರೆ ಅದು ಸೋರಿಕೆಯೇ ಅಲ್ಲದಿರಬಹುದು. ಕೋಣೆಯ ಗಾಳಿಯಲ್ಲಿರುವ ತೇವವೇ ತಣ್ಣನೆಯ ಗೋಡೆಗೆ ತಾಗಿ ನೀರಾಗಿರುತ್ತದೆ. ಅನುಮಾನ ಇದ್ದರೆ ಅಲ್ಯೂಮಿನಿಯಂ ಫಾಯಿಲ್‌ನ ತುಂಡೊಂದನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದೆರಡು ದಿನ ಬಿಡಿ. ನಿಮ್ಮ ಕಡೆ ಹನಿ ಕಂಡರೆ ಗಾಳಿಯ ತೇವ, ಹಿಂದೆ ಒದ್ದೆಯಾದರೆ ಗೋಡೆಯ ತೇವ. ಎರಡೂ ಸೇರಿರುವುದೂ ಉಂಟು, ಅದಕ್ಕೇ ಫೋನಿನಲ್ಲಿ ತೀರ್ಪು ಕೊಡಲು ನನಗೆ ಮನಸ್ಸಿಲ್ಲ.

ನನಗೆ ಬಹಳ ಇಷ್ಟವಾದ ಒಬ್ಬ ಯಜಮಾನರಿದ್ದಾರೆ, ನಿವೃತ್ತ ಮೇಷ್ಟ್ರು. ಕಲೆಯ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಿದ್ದರು. ಮಳೆ ಬಂದರೆ ಇನ್ನೊಂದು ಗೆರೆ. ಮನೆಯಾಕೆ ಗೋಡೆ ಹಾಳುಮಾಡಿದ್ದಕ್ಕೆ ಬೈಯುತ್ತಿದ್ದರು. ನಾನು ಹೋಗಿ ನೋಡಿದರೆ ಅರ್ಧ ಕೆಲಸ ಮುಗಿದಿತ್ತು. ಗೆರೆಗಳೆಲ್ಲ ಕಿಟಕಿಯ ಮೇಲಿನ ಸಜ್ಜಾ ಕಡೆಯಿಂದ ಹರಡಿದ್ದವು. ಸಜ್ಜಾದ ಕೆಳಗೆ, ಅಂಚಿನ ಹತ್ತಿರ, ಉದ್ದಕ್ಕೂ ಒಂದು ಸಣ್ಣ ತೋಡು ಮಾಡಬೇಕು. ಅಂಚು ದಾಟಿ ಬಂದ ನೀರು ಅಲ್ಲಿಗೆ ಬಂದು ತೊಟ್ಟಿಕ್ಕಿ ಹೋಗುತ್ತದೆ. ಅದು ಇಲ್ಲದಿದ್ದರೆ ನೀರು ಸಜ್ಜಾದ ಹೊಟ್ಟೆಗೆ ಅಂಟಿಕೊಂಡೇ ಗೋಡೆಗೆ ಬರುತ್ತದೆ. ಮೇಷ್ಟ್ರ ಮನೆಯಲ್ಲಿ ಮೇಸ್ತ್ರಿ ಅದನ್ನು ಮಾಡಿಯೇ ಇರಲಿಲ್ಲ. ಬೆರಳಗಲವೂ ಇಲ್ಲದ ಕೆಲಸ.

ಕಾರಣ ಸಿಕ್ಕ ಮೇಲೆ ನೀರು ಬರುವ ಕಡೆಯಿಂದಲೇ ತಡೆಯಬೇಕು. ಒಳಗಿನಿಂದ ಬಿಗಿಯಾದ ಪೇಂಟ್ ಬಳಿದರೆ ನೀರು ಗೋಡೆಯಲ್ಲೇ ಉಳಿಯುತ್ತದೆ. ಅದರ ಜೊತೆ ಬಂದ ಲವಣ ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ತಳ್ಳುತ್ತದೆ. ನೀವು ಕಳಿಸುವ ಫೋಟೋದ ಗುಳ್ಳೆಗಳು ಹುಟ್ಟುವುದು ಹೆಚ್ಚಾಗಿ ಹೀಗೆ. ನೆಲಮಾಳಿಗೆಯಂಥ ಕಡೆ ಹೊರಗಿನಿಂದ ಮುಟ್ಟಲು ಆಗುವುದೇ ಇಲ್ಲ, ಅಲ್ಲಿ ಒಳಗಿನಿಂದ ಮಾಡುವ ವಿಧಾನಗಳಿವೆ, ಆದರೆ ಅದು ಬೇರೆ ಸಾಮಗ್ರಿ, ಬೇರೆ ಕೆಲಸಗಾರರು. ಸೋರಿಕೆ ನಿಂತ ಮರುದಿನವೇ ಪೇಂಟರನ್ನು ಕರೆಯಬೇಡಿ. ಗೋಡೆ ಒಣಗಲು ವಾರಗಳು ಬೇಕು, ದಪ್ಪ ಗೋಡೆಗೆ ತಿಂಗಳುಗಳೇ ಹಿಡಿಯಬಹುದು. ಹಬ್ಬವೋ ಗೃಹಪ್ರವೇಶವೋ ಹತ್ತಿರ ಬಂತು ಅಂದರೆ ಗೋಡೆಗೆ ಅದು ಕೇಳಿಸುವುದಿಲ್ಲ.

ಸ್ಲ್ಯಾಬಿನ ಕೆಳಗಿಂದ ಕಾಂಕ್ರೀಟ್ ಚಕ್ಕೆ ಉದುರಿ ಕಂಬಿ ಕಾಣುತ್ತಿದ್ದರೆ ಅದಕ್ಕೆ ಗಾರೆ ಮೆತ್ತಿಸಬೇಡಿ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ, ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ. ಅಂಥದ್ದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಬೇಕು. ಅದು ನನ್ನ ಕೈಮೀರಿದ ಕೆಲಸ.

ಈಗಷ್ಟೇ ಕಟ್ಟುತ್ತಿರುವವರು ಪುಣ್ಯವಂತರು. ತಾರಸಿಗೂ ಬಾತ್‌ರೂಮ್ ನೆಲಕ್ಕೂ ಒಂದು ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಜಾರು ಕೊಡಿಸಿ. ಟೈಲ್ಸ್ ಹಾಕಿದರೆ ನೀರು ಇಳಿಯುವುದಿಲ್ಲ ಅನ್ನುವುದು ತಪ್ಪು, ಸಂದಿಯ ಸಿಮೆಂಟ್ ನೀರು ಕುಡಿಯುತ್ತದೆ. ನೀರು ತಡೆಯುವುದು ಟೈಲ್ಸಿನ ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಅದು ನೆಲಕ್ಕೇ ನಿಲ್ಲದೆ ಗೋಡೆಯ ಮೇಲೆ ಒಂದು ಅಡಿಯಾದರೂ ಹತ್ತಬೇಕು. ಶವರ್ ಇರುವ ಗೋಡೆಯಲ್ಲಿ ಶವರಿಗಿಂತ ಮೇಲಕ್ಕೆ ಹೋಗಬೇಕು. ಟೈಲ್ಸ್ ಹಾಕುವ ಮುಂಚೆ ನೀರು ಹೋಗುವ ತೂತು ಮುಚ್ಚಿ, ನೀರು ನಿಲ್ಲಿಸಿ, 48 ಗಂಟೆ ಬಿಟ್ಟು ಕೆಳಗಿನ ಚಾವಣಿ ನೋಡಿ. ಗುತ್ತಿಗೆದಾರ ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ.

ಎಲ್ಲ ಮುಗಿದ ಮೇಲೆ ಸೋಲಾರ್ ಸ್ಟ್ಯಾಂಡ್, ಆಂಟೆನಾ, ಬಟ್ಟೆ ಒಣಗಿಸುವ ತಂತಿಯ ಕಂಬ ಅಂತ ತಾರಸಿಗೆ ಡ್ರಿಲ್ ಹೊಡೆಸುವವರನ್ನು ಕಂಡರೆ ನನಗೆ ಮಾತೇ ಹೊರಡುವುದಿಲ್ಲ. ಏನೇನು ಬರುತ್ತದೆ ಅಂತ ಮೊದಲೇ ಹೇಳಿ, ಅದಕ್ಕೆ ಸಣ್ಣ ಕಟ್ಟೆ ಕಟ್ಟಿಸಿ, ಅದರ ಮೇಲೂ ವಾಟರ್‌ಪ್ರೂಫಿಂಗ್ ಹತ್ತಿಸಬಹುದು.

ಗೋಡೆಯ ಪೈಪುಗಳಿಗೆ ಗಾರೆ ಬೀಳುವ ಮುಂಚೆ ಫೋಟೋ ತೆಗೆಯಿರಿ. ಅಳತೆ ಟೇಪನ್ನು ನೆಲದಿಂದ ಎತ್ತಿ ಹಿಡಿದು ಅದೂ ಕಾಣುವ ಹಾಗೆ ತೆಗೆಯಿರಿ, ಇಲ್ಲದಿದ್ದರೆ ಆಮೇಲೆ ಪೈಪ್ ಎಷ್ಟು ಎತ್ತರದಲ್ಲಿದೆ ಅಂತ ತಿಳಿಯುವುದಿಲ್ಲ. ಮೊಬೈಲ್ ಬದಲಾದಾಗ ಅವೂ ಹೋಗುತ್ತವೆ. ಪ್ರಿಂಟ್ ಹಾಕಿಸಿ ಮನೆಯ ಪತ್ರಗಳ ಜೊತೆ ಇಡಿ, ಮುಂದೆ ಗೋಡೆ ಒಡೆಯಲು ಬರುವ ಪ್ಲಂಬರ್ ಮೊದಲು ಕೇಳುವುದೇ ಅದನ್ನು.