‘ಪೊಯೇತ’ ಪುಲ್ಲಿಂಗವೇಕೆ?

ಪ್ರಶ್ನೆ: ಲ್ಯಾಟಿನ್ನಿನಲ್ಲಿ ‘ಅ’ಕಾರದಿಂದ ಮುಗಿಯುವ ಮೊದಲ ವಿಭಕ್ತಿವರ್ಗದ ನಾಮಪದಗಳು ಸ್ತ್ರೀಲಿಂಗವೆಂದು ಕಲಿತೆವು. ಹಾಗಿದ್ದರೆ ಕವಿ ಎಂಬರ್ಥದ ‘ಪೊಯೇತ’ ಪುಲ್ಲಿಂಗವಾದುದು ಹೇಗೆ?

ಉತ್ತರ: ಈ ಪದ ಲ್ಯಾಟಿನ್ನಿನಲ್ಲಿ ಹುಟ್ಟಿದ್ದಲ್ಲ. ‘ಮಾಡು, ರಚಿಸು’ ಎಂಬರ್ಥದ ಗ್ರೀಕ್ ಧಾತುವಿಗೆ ಕರ್ತೃವನ್ನು ಸೂಚಿಸುವ ಪ್ರತ್ಯಯ ಸೇರಿ ಅಥೆನ್ಸಿನ ಗ್ರೀಕಿನಲ್ಲಿ ‘ಪೊಯೇತೇಸ್’ ಎಂದೂ, ಡೋರಿಕ್ ಉಪಭಾಷೆಯಲ್ಲಿ ‘ಪೊಯೇತಾಸ್’ ಎಂದೂ ಆಗಿತ್ತು. ದಕ್ಷಿಣ ಇಟಲಿಯ ತಾರೆಂತುಮ್ ಮೊದಲಾದ ನಗರಗಳಲ್ಲಿ ನೆಲೆಸಿದ್ದ ಗ್ರೀಕರ ಮಾತು ಡೋರಿಕ್ ಆಗಿದ್ದುದನ್ನು ನೆನೆದರೆ, ರೋಮನ್ನರ ಕಿವಿಗೆ ಮೊದಲು ಬಿದ್ದದ್ದು ಈ ಎರಡನೆಯ ರೂಪವೇ ಇರಬೇಕು.

ಸಂಸ್ಕೃತ ಬಲ್ಲವರಿಗೆ ಮುಂದಿನ ಕಥೆ ಸುಲಭ. ‘ರಮಾ’ ಶಬ್ದಕ್ಕೆ ಪ್ರಥಮಾ ಏಕವಚನದಲ್ಲಿ ವಿಸರ್ಗವಿಲ್ಲ, ಪುಲ್ಲಿಂಗದ ‘ವಿಶ್ವಪಾಃ’ ಶಬ್ದಕ್ಕೆ ಇದೆ; ಆ ವಿಸರ್ಗ ಮೂಲತಃ ಸಕಾರವೇ. ಗ್ರೀಕಿನಲ್ಲಿಯೂ ಆಕಾರಾಂತ ಪುಲ್ಲಿಂಗವನ್ನು ಸ್ತ್ರೀಲಿಂಗದಿಂದ ಬೇರ್ಪಡಿಸುತ್ತಿದ್ದುದು ಕೊನೆಯ ಸಕಾರ. ಲ್ಯಾಟಿನ್ನಿನ ಮೊದಲ ವರ್ಗದಲ್ಲಿ ಅಂಥ ಸಕಾರಕ್ಕೆ ಎಡೆಯಿರಲಿಲ್ಲವಾದ್ದರಿಂದ ಅದು ಬಿದ್ದುಹೋಯಿತು, ಸ್ವರ ಹ್ರಸ್ವವಾಯಿತು, ‘ಪೊಯೇತ’ ಉಳಿಯಿತು. ‘ನೌತ’ (ನಾವಿಕ), ‘ಪೀರಾತ’ (ಕಡಲ್ಗಳ್ಳ) ಪದಗಳದೂ ಇದೇ ಹಾದಿ.

ಹೀಗೆ ಗುರುತು ಅಳಿಸಿಹೋದರೂ ಲಿಂಗ ಅಳಿಯಲಿಲ್ಲ. ವಿಭಕ್ತಿಯ ವರ್ಗವು ರೂಪಗಳನ್ನು ಮಾತ್ರ ನಿರ್ಧರಿಸುತ್ತದೆ. ಲಿಂಗ ತಿಳಿಯಬೇಕಾದರೆ ವಿಶೇಷಣವನ್ನು ನೋಡಬೇಕು. ಒಳ್ಳೆಯ ಕವಿ ‘ಬೊನುಸ್ ಪೊಯೇತ’, ಎಂದಿಗೂ ‘ಬೊನ ಪೊಯೇತ’ ಅಲ್ಲ. ಷಷ್ಠಿಯಲ್ಲಿ ‘ಬೊನೀ ಪೊಯೇತಾಯ್’. ಎರಡು ಪದಗಳ ಅಂತ್ಯಗಳು ಒಂದಕ್ಕೊಂದು ಪ್ರಾಸದಂತೆ ಹೊಂದಲೇಬೇಕೆಂದು ಭಾವಿಸುವ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಅಚ್ಚ ಲ್ಯಾಟಿನ್ ಪದವಾದ ‘ಅಗ್ರಿಕೊಲ’ (ರೈತ) ಕೂಡ ಹೀಗೆಯೇ ಪುಲ್ಲಿಂಗ. ಇದಕ್ಕೆ ವಿರುದ್ಧವಾಗಿ, ಗ್ರೀಕಿನಿಂದಲೇ ಬಂದ ‘ಮೆಥೊದುಸ್’ (ವಿಧಾನ) ‘ಬೊನುಸ್’ನಂತೆ ‘ಉಸ್’ ಎಂದು ಮುಗಿಯುವುದರಿಂದ ನೋಟಕ್ಕೆ ಪುಲ್ಲಿಂಗ, ವ್ಯಾಕರಣಕ್ಕೆ ಸ್ತ್ರೀಲಿಂಗ.

ಕವಯಿತ್ರಿಗೆ ಲ್ಯಾಟಿನ್ನಿನಲ್ಲಿ ‘ಪೊಯೇತ್ರಿಯ’ ಎಂಬ ಬೇರೆ ಪದವಿದೆ. ರೋಮಿನ ವಾಗ್ಮಿ ಸಿಸೆರೊ ಅದನ್ನು ಬಳಸಿದ್ದಾನೆ. ಲ್ಯಾಟಿನ್ನಿನ ಮಗಳಾದ ಇಟಾಲಿಯನ್ ‘ಪೊಯೇತ’ದ ಏಕವಚನವನ್ನು ಹಾಗೆಯೇ ಉಳಿಸಿಕೊಂಡು, ಬಹುವಚನದಲ್ಲಿ ಮಾತ್ರ ಪುಲ್ಲಿಂಗದ ಅಂತ್ಯ ತೊಡಿಸಿ ‘ಪೊಯೇತಿ’ ಎಂದಿತು.